ಸಕಾರದ ಸಿಳ್ಳೆ

ಫೆಬ್ರವರಿ 3, ಬೆಳಿಗ್ಗೆ ಏಳು

ಅಜ್ಜನ ಹಲ್ಲುಸೆಟ್ಟಿನ ನೀರು ಬದಲಾಯಿಸಿದೆ. ಅಜ್ಜ ಹೋಗಿ ಒಂದೂವರೆ ತಿಂಗಳಾಯ್ತು, ಇನ್ನೂ ದಿನಾ ಬದಲಾಯಿಸ್ತೀನಿ. ಒಣಗಿದ್ರೆ ಸೊಟ್ಟಗಾಗುತ್ತೆ. ಆದ್ರೆ ಆಗಲಿ, ಹಾಕ್ಕೊಳ್ಳೋರು ಯಾರು... ಗೊತ್ತು. ಆದ್ರೂ.

ಹಲ್ಲು ಮಾಡೋ ನಮ್ಮ ಲ್ಯಾಬಿನಲ್ಲಿ ಇವತ್ತು ನಾಲ್ಕು ಸೆಟ್ ಪಾಲಿಶ್ ಇದೆ. ಓನರ್ ಆಗಲೇ ಎರಡು ಸಲ ಫೋನ್. ಹಲ್ಲಿಲ್ಲದವರಿಗಿಂತ ಇವರಿಗೇ ಅರ್ಜೆಂಟು.

ಫೆಬ್ರವರಿ 4

ಅಜ್ಜನ ಆ ಸೆಟ್ ನನ್ನ ಮೊದಲ ಕೆಲಸ, ಏಳು ವರ್ಷದ ಹಿಂದಿನದು. ಹಲ್ಲು ಕಟ್ಟೋದನ್ನ ಆಗಿನ್ನೂ ಕಲೀತಿದ್ದೆ. ಮುಂದಿನ ಎರಡು ಹಲ್ಲು ಕೂದಲೆಳೆಯಷ್ಟು ಮುಂದೆ ಕೂತ್ಬಿಟ್ವು. ಅಜ್ಜ 'ಸ' ಅಂದಾಗಲೆಲ್ಲ ಸಿಳ್ಳೆ. ಸಕ್ಕರೆ ಅಂದ್ರೆ ಸಿಳ್ಳೆ, ಸಾಕು ಅಂದ್ರೆ ಸಿಳ್ಳೆ. ಅಕ್ಕನೂ ನಾನೂ ಬಿದ್ದೂ ಬಿದ್ದೂ ನಗ್ತಿದ್ವಿ. ಬೇರೆ ಮಾಡ್ಕೊಡ್ತೀನಿ ಅಜ್ಜ ಅಂತ ಎಷ್ಟು ಗೋಗರೆದೆ.

"ಸುಮ್ನಿರೆ. ನನ್ನ ಮೊಮ್ಮಗಳು ಮಾಡಿದ ಹಲ್ಲು. ಸಾಯೋ ತನಕ ಇದೇ."

ಒಂದೇ ಉಸಿರಿಗೆ ಎರಡು ಸಿಳ್ಳೆ. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದ ಮನುಷ್ಯ. ಹೇಳಿದ ಹಾಗೇ ಆ ಹಲ್ಲನ್ನ ಕೊನೇ ತನಕ ಬಿಡಲಿಲ್ಲ.

ಫೆಬ್ರವರಿ 8, ಸಂಜೆ

ಬಾಗಿಲು ತೆಗೆದವಳೇ ಅಭ್ಯಾಸಬಲದಿಂದ "ಅಜ್ಜ, ಇವತ್ತೇನಾಯ್ತು ಗೊತ್ತಾ" ಅಂತ ಶುರು ಮಾಡ್ಬಿಟ್ಟೆ. ಖಾಲಿ ಕುರ್ಚಿ. ಚಪ್ಪಲಿ ಕೂಡ ಬಿಡದೆ ಕೂತು ಅತ್ತೆ.

ಅಜ್ಜ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೂತವನು. ಐದು ವರ್ಷದ ಹಿಂದೆ ಕಿವಿ ಪೂರ್ತಿ ಹೋಯ್ತು. ಕಿವಿಗೆ ಮಷಿನ್ ತಂದ್ರೆ "ಗುಂಯ್ ಅನ್ನುತ್ತೆ" ಅಂತ ಡ್ರಾಯರಿಗೆ ಹಾಕಿದ. ಊಟ, ಮಾತ್ರೆ, ಎಲ್ಲ ಸ್ಲೇಟಿನಲ್ಲಿ ಬರೆದು ತೋರಿಸ್ತಿದ್ವಿ.

ಆದ್ರೆ ಸಂಜೆ ನಾನು ಬರೀತಿರಲಿಲ್ಲ. ಪಕ್ಕ ಕೂತು ಬಾಯಲ್ಲೇ ಹೇಳ್ಕೋತಿದ್ದೆ, ಎಲ್ಲಾ. ಓನರ್‌ಗೆ ಹಿಡಿಶಾಪ, ಲ್ಯಾಬಿನ ಪಾಲಿಶ್‌ನವನ ಮೇಲೆ ಮನಸ್ಸಾಗಿದ್ದು, ಅವನು ಇನ್ನೊಬ್ಬಳನ್ನ ಕಟ್ಕೊಂಡಿದ್ದು... ಅಜ್ಜ ನನ್ನ ಮುಖಾನೇ ನೋಡ್ತಾ "ಹೂಂ... ಹೂಂ..." ಅಂತಿದ್ದ. ಕೇಳಿಸದವನ ಹತ್ರ ಹೇಳಿದ್ದು ಎಲ್ಲಿಗೂ ಹೋಗಲ್ಲ. ಅಂಥ ನಿರಾಳ ಇನ್ಯಾರ ಹತ್ರ ಸಿಕ್ಕುತ್ತೆ ನಂಗೆ?

ಫೆಬ್ರವರಿ 11

ಓನರ್ ಎರಡು ದಿನ ಟ್ರೈನಿಂಗಿಗೆ ಹೋಗು ಅಂತಿದ್ದಾರೆ. ಎಲ್ಲಿಗೆ? ಅದೇ ದೊಡ್ಡ ಲ್ಯಾಬಿಗೆ.

ಮೂರು ವರ್ಷದ ಹಿಂದೆ ಅಲ್ಲಿ ಕೆಲಸ ಸಿಕ್ಕಿತ್ತು. ಪಿಂಗಾಣಿ ಹಲ್ಲಿನ ಕೆಲಸ, ಬೇರೆ ಊರು, ಕೆಲಸದ ಆರ್ಡರ್ ಕೈಯಲ್ಲಿ. ಅಕ್ಕನಿಗೊಬ್ಬಳಿಗೆ ಹೇಳಿದ್ದೆ. ಅಜ್ಜನಿಗೂ ಸಂಜೆ ಬಾಯಲ್ಲಿ ಹೇಳಿದ್ದೆ ಅನ್ನಿ, ಅದು ಲೆಕ್ಕಕ್ಕಿಲ್ಲ. ಸೇರೋಕೆ ನಾಲ್ಕು ದಿನ ಇದೆ ಅನ್ನೋವಾಗ ಅಲ್ಲಿಂದ ಕಾಗದ — ನೀವು ಬರೋದಿಲ್ಲ ಅಂತ ನಿಮ್ಮ ಮನೆಯವರು ಫೋನ್ ಮಾಡಿದ್ರು, ಬೇರೆಯವರನ್ನ ತಗೊಂಡಿದೀವಿ.

ಮನೆಯವರು ಅಂದ್ರೆ ಇನ್ಯಾರು? "ನೀನು ಹೋದ್ರೆ ಅಜ್ಜನ್ನ ಯಾರೇ ನೋಡ್ಕೋತಾರೆ" ಅಂದಿದ್ದು ಅಕ್ಕ ತಾನೇ. ಅವಳ ಮನೆಯಿಂದ ಕರೆಸಿ ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಹೊಟ್ಟೆಕಿಚ್ಚಿಗೆ ನನ್ನ ಬದುಕು ಸುಟ್ಟೆಯಲ್ಲೇ ಅಂದೆ. ಅವಳು "ನಾನಲ್ಲ ಕಣೆ" ಅಂತ ಅತ್ತಳು. ಅಜ್ಜ ಅದೇ ರೂಮಲ್ಲಿ ಪೇಪರ್ ಓದ್ತಾ ಕೂತಿದ್ದ.

ಅವತ್ತಿಂದ ಮಾತಿಲ್ಲ. ಅಜ್ಜ ಹೋದ ದಿನವೂ ಅವಳು ಆ ಗೋಡೆಗೆ, ನಾನು ಈ ಗೋಡೆಗೆ.

ಫೆಬ್ರವರಿ 15, ಮಧ್ಯಾಹ್ನ, ಆ ಲ್ಯಾಬಿನ ಕ್ಯಾಂಟೀನು

ಆದ ಹಾಗೇ ಬರೆದಿಡಬೇಕು.

ಇಲ್ಲಿನ ಹೆಡ್ ಮೇಡಂ ನನ್ನ ಬ್ಯಾಡ್ಜ್ ನೋಡಿ ಕಣ್ಣರಳಿಸಿದ್ರು. "ಓಹೋ, ಆ ಸಿಳ್ಳೆ ತಾತನ ಮನೆಯವಳಾ ನೀನು!"

"ಯಾವ ತಾತ, ಮೇಡಂ?"

"ಫೋನ್ ಮಾಡಿದ್ರಲ್ಲಮ್ಮ. ಹುಡುಗಿಗೆ ಸಂಬಂಧ ಕೂಡಿಬಂದಿದೆ, ಕೆಲಸಕ್ಕೆ ಬರಲ್ಲ ಅಂತ. ನಾನೇ ಎತ್ತಿದ್ದು. ಸಂಬಂಧ ಅಂದ್ರೂ ಸಿಳ್ಳೆ, ಕೆಲಸ ಅಂದ್ರೂ ಸಿಳ್ಳೆ! ಯಾವ ಪುಣ್ಯಾತ್ಮ ಕೂರಿಸಿದ ಹಲ್ಲಪ್ಪಾ ಇದು ಅಂತ ಇಲ್ಲಿ ನಕ್ಕಿದ್ದೇ ನಕ್ಕಿದ್ದು."

"ನೀವು ಹೇಳಿದ್ದು... ಅವರಿಗೆ ಕೇಳಿಸ್ತಾ?"

"ಕೇಳಿಸದೆ ಏನು? ಮದುವೆ ಯಾವಾಗ ಅಂದೆ, ಮುಂದಿನ ತಿಂಗಳು ಅಂದ್ರು. ಗಂಡು ಏನು ಮಾಡ್ತಾನೆ ಅಂದೆ, ಅದಕ್ಕೂ ಪಟ್ ಅಂತ ಉತ್ತರ."

ನಾನೂ ನಕ್ಕೆ. ಏನು ಮಾಡ್ಲಿ? ಆ ಹಲ್ಲು ಕೂರಿಸಿದ ಪುಣ್ಯಾತ್ಮೆ ಎದುರಿಗೇ ನಿಂತಿದ್ಲು.

ಫೆಬ್ರವರಿ 27

ಹನ್ನೆರಡು ದಿನ ಆಯ್ತು, ನೀರು ಬದಲಾಯಿಸಿಲ್ಲ. ಬಟ್ಟಲು ಒಣಗಿದೆ. ಒಣಗಲಿ.

ಜಾಣಕಿವುಡು ಅಂತ ತಮಾಷೆಗೆ ಅಂತೀವಲ್ಲ. ನನ್ನಜ್ಜ ಐದು ವರ್ಷ ಅದರಲ್ಲೇ ಸಂಸಾರ ಮಾಡಿದ. ಯಾಕೆ ಶುರು ಮಾಡಿದನೋ. ನಾನು ಮನಸ್ಸು ಬಿಚ್ಚೋದರ ರುಚಿ ಹತ್ತಿತೇನೋ. ಪಾಲಿಶ್‌ನವನ ವಿಷಯ ಕೂಡ ಕೇಳಿಸ್ಕೊಂಡನಲ್ಲ, ಥೂ! ನಾಚಿಕೆ ಆಗುತ್ತೆ.

ಕೆಲಸ ಹೋಯ್ತು ಅಂತ ಅಲ್ಲ ಸಿಟ್ಟು. "ಹೋಗಬೇಡ ಕಣೆ, ಒಬ್ಬನೇ ಇರೋಕೆ ಭಯ ಆಗುತ್ತೆ" ಅಂದಿದ್ರೆ ಹೋಗ್ತಿರಲಿಲ್ಲ. ನನ್ನಾಣೆ, ಹೋಗ್ತಿರಲಿಲ್ಲ. ಅಷ್ಟು ಹೇಳೋಕೆ ಏನಾಗಿತ್ತು ಅವನಿಗೆ? ನಾನು ಅಕ್ಕನ್ನ ಹರಿದು ತಿನ್ನೋವಾಗ ಎರಡು ಮಾರು ದೂರದಲ್ಲಿ ಕೂತು, ಎಲ್ಲ ಕೇಳಿಸ್ಕೊಂಡು, ಪೇಪರಿನ ಹಾಳೆ ತಿರುವಿದ. ಆ ಸದ್ದು ಇನ್ನೂ ನೆನಪಿದೆ. ಆಮೇಲೆ ಮೂರು ವರ್ಷ, ಎಷ್ಟು ಸಂಜೆ, ಅವನ ಪಕ್ಕದಲ್ಲೇ ಕೂತು ಅಕ್ಕನಿಗೆ ಶಾಪ ಹಾಕಿದೀನಿ. "ಹೂಂ" ಅಂತಿದ್ದ. ಅದಕ್ಕೂ ಹೂಂ!

ಮೋಸಗಾರ ಮುದುಕ. ಬರೆದೇ ಬಿಟ್ಟೆ. ಬರೆದು, ತಪ್ಪಾಯ್ತು ಅಜ್ಜ ಅಂತ ಬಾಯಿಗೆ ಬಂತು. ನುಂಗಿದೆ.

ಮಾರ್ಚ್ 1

ಸೆಟ್ಟನ್ನ ಲ್ಯಾಬಿಗೆ ತಗೊಂಡು ಹೋದೆ. ಪ್ಲಾಸ್ಟರ್ ಒಡೆಯೋ ಸುತ್ತಿಗೆ ಎತ್ತಿದೆ. ಹೊಡೆಯೋಕೆ ಕೈ ಬರಲಿಲ್ಲ. ಓನರ್ "ಯಾವ ಪೇಷಂಟ್‌ದಮ್ಮ ಅದು, ಮುಂದಿನ ಹಲ್ಲು ಸರಿ ಇಲ್ಲ ನೋಡು" ಅಂದ್ರು.

ಗೊತ್ತು ಸಾರ್ ಅಂದೆ.

ಮಾರ್ಚ್ 2

ಅಜ್ಜ ನಂಗೆ ಮಾಡಿದ್ದು ಒಂದು. ನಾನು ಅಕ್ಕನಿಗೆ ಮಾಡಿದ್ದು? ಫೋನ್ ಹಿಡ್ಕೊಂಡು ಇಟ್ಟೆ. ಯಾವ ಮುಖ ಇಟ್ಕೊಂಡು ಮಾಡ್ಲಿ. ಅವಳು ಉಗಿದ್ರೂ ಒರೆಸ್ಕೋಬೇಕು, ಅಷ್ಟೇ.

ಮಾರ್ಚ್ 4, ಸಂಜೆ ಆರೂವರೆ

ಮಾಡಿದೆ.

ಎತ್ತಿದಳು. ಹಿಂದೆ ಕುಕ್ಕರ್ ಕೂಗ್ತಿತ್ತು, ಆರಿಸಿದಳು.

"ಅಕ್ಕಾ, ಆವತ್ತು ನೀನಲ್ಲ. ನಂಗೀಗ ಗೊತ್ತಾಯ್ತು. ಫೋನ್ ಮಾಡಿದ್ದು ಅಜ್ಜ. ಅಜ್ಜನಿಗೆ ಕಿವಿ ಕೇಳಿಸ್ತಿತ್ತು ಕಣೆ, ಅಷ್ಟೂ ವರ್ಷ."

ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಹೌದಾ ಅಂತಾಳೆ, ಅಯ್ಯೋ ಅಂತಾಳೆ, ಅಳ್ತಾಳೆ ಅಂತ ಕಾದೆ.

"ಹೂಂ" ಅಂದಳು.

ಅಷ್ಟೇ. ಥೇಟ್ ಅಜ್ಜನ ಹೂಂ. ಆಶ್ಚರ್ಯ ಇಲ್ಲ, ಏನೂ ಇಲ್ಲ. ಅಂದ್ರೆ ಇವಳಿಗೂ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅಜ್ಜನನ್ನ ಬಿಟ್ಟುಕೊಡಲಿಲ್ಲ.