ಎಂಟು ದಿನದ ಡ್ಯೂಟಿ

ಬಸ್ ಡಿಪೋ ಮ್ಯಾನೇಜರ್ ಅವರಿಗೆ,

ಕೋರ್ಟಿನ ಆದೇಶ ತಲುಪಿತು. ಮದುವೆಯಾದಳೆಂದು ನನ್ನನ್ನು ಡ್ರೈವರ್ ಕೆಲಸದಿಂದ ತೆಗೆದದ್ದು ಸಂವಿಧಾನಕ್ಕೆ ವಿರುದ್ಧವಂತೆ, ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳಬೇಕಂತೆ. ಇಷ್ಟು ಹೇಳಲು ಇಪ್ಪತ್ತೆರಡು ವರ್ಷ ಹಿಡಿಯಿತು. ಎಲ್ಲರೂ ಸಮಾನರು ಎಂದು ಸಂವಿಧಾನದಲ್ಲಿ ಚೆನ್ನಾಗಿಯೇ ಬರೆದಿದ್ದಾರೆ. ಎಷ್ಟು ದಿನದೊಳಗೆ ಎಂದು ಮಾತ್ರ ಬರೆದಿಲ್ಲ. ನನ್ನ ನಿವೃತ್ತಿಗೆ ಇನ್ನು ಎಂಟೇ ದಿನ. ನನ್ನನ್ನು ಮದುವೆಯಾದವರು ಹೋದ ವರ್ಷ ತೀರಿಕೊಂಡರು.

"ಎಂಟು ದಿನಕ್ಕೆ ಯಾಕಮ್ಮ ಈ ಒದ್ದಾಟ? ಮನೇಲೇ ಆರಾಮಾಗಿರಿ" ಅಂದರು ನಿಮ್ಮ ಗುಮಾಸ್ತರು.

"ಆರಾಮಾಗಿರೋಕಾ ನಾನು ಇಷ್ಟು ವರ್ಷ ಕೋರ್ಟಿನ ಮೆಟ್ಟಿಲು ಸವೆಸಿದ್ದು?" ಅಂದೆ. ಸಿಟ್ಟು ಮಾಡುವಷ್ಟು ಶಕ್ತಿ ಉಳಿದಿರಲಿಲ್ಲ.

ಸೋಮವಾರ ಬರುತ್ತೇನೆ. ಕಣ್ಣಿನ ಡಾಕ್ಟರರ ಸರ್ಟಿಫಿಕೇಟು ಜೊತೆಗಿಟ್ಟಿದ್ದೇನೆ. ಮಂಡಿ ನೋವಿದೆ, ಕ್ಲಚ್ ಹಗುರವಾಗಿರುವ ಬಸ್ಸು ಕೊಡಿ.

ಇನ್ನೊಂದು ಮಾತು. ಕೇಸು ಹಾಕಿದ ಆರನೇ ವರ್ಷಕ್ಕೇ ಕೋರ್ಟು, ಮದುವೆಯಾದ ಹೆಂಗಸರನ್ನು ಕೆಲಸದಿಂದ ತೆಗೆಯುವ ನಿಯಮವನ್ನು ರದ್ದು ಮಾಡಿತ್ತು. ನನ್ನ ಕೆಲಸ ಮಾತ್ರ ನಿಮ್ಮವರ ಮೇಲ್ಮನವಿಗಳಲ್ಲಿ ಸಿಕ್ಕಿಕೊಂಡಿತು. ಈಗ ನಿಮ್ಮಲ್ಲಿ ಮದುವೆಯಾದ ಹೆಂಗಸರೇ ಒಂಬತ್ತು ಮಂದಿ ಬಸ್ಸು ಓಡಿಸುತ್ತಾರಂತೆ. ಮೊನ್ನೆ ಗೇಟಿನ ಹತ್ತಿರ ಒಬ್ಬಳನ್ನು ಕಂಡೆ. ಗಂಡ ಊಟದ ಡಬ್ಬಿ ತಂದುಕೊಟ್ಟ. "ಚಮಚ ಯಾರು ತರ್ತಾರೆ?" ಎಂದು ಬೈಯುತ್ತಲೇ ಇಸಿದುಕೊಂಡಳು.

ನಾನು ಯಾರೆಂದು ಅವರಿಗೆಲ್ಲ ಹೇಳಬೇಡಿ. ಹೊಸಬರೊಬ್ಬರು ಬಂದಿದ್ದಾರೆ ಎಂದರೆ ಸಾಕು.

ಇಂತಿ,
ನಿಮ್ಮ ಡಿಪೋದ ಡ್ರೈವರ್