ದೊರೆಯ ಬೈಗುಳದ ಅನುವಾದ

ಅಪ್ಪಾ,

ನೀವು ತೀರಿಕೊಂಡ ಮೇಲೆ ಅರಮನೆಯ ದುಭಾಷಿ ಕೆಲಸ ನನಗೇ ಬಂತು. ಇವತ್ತು ಪರದೇಶದ ರಾಯಭಾರಿ ಬಂದು ದೊರೆ ಲೊಲೊಹೇಯರ ಎದುರಿಗೇ ಮೇಜು ಗುದ್ದಿದ: "ಪ್ರಜೆಗಳಿಗೆ ಮತದ ಹಕ್ಕು ಕೊಡುವ ಸಂವಿಧಾನಕ್ಕೆ ಸಹಿ ಹಾಕಿದರೆ ಯುದ್ಧನೌಕೆ ತರಿಸುತ್ತೇನೆ!"

ದೊರೆ ಕುಡಿಯುತ್ತಿದ್ದ ಕಾವಾ ಬೇರಿನ ಪಾನೀಯದ ಬಟ್ಟಲು ಕೆಳಗಿಟ್ಟರು. "ಅನಾಸೇನಿ, ಈ ಬೋಳುತಲೆ ಹಂದಿಗೆ ಹೇಳಮ್ಮ, ನೌಕೆ ಬರ್ಲಿ, ಅದ್ರಲ್ಲಿ ಕೋಳಿ ಸಾಕ್ತೀನಿ."

ನಾನು ಅವನ ಭಾಷೆಯಲ್ಲಿ, "ದೊರೆಗಳು ತಮ್ಮ ಸಲಹೆಗೆ ಋಣಿ. ನೌಕೆಯವರಿಗೂ ಕೋಳಿಯೂಟ ಇದೆಯಂತೆ" ಎಂದೆ.

ಅವನು ಬಾಗಿ ನಮಸ್ಕರಿಸಿ, ನಗುತ್ತಾ ಹೋದ.

"ಅಷ್ಟು ಬೈದ್ರೂ ನಗ್ತಾನಲ್ಲೇ, ಎಂಥಾ ದಪ್ಪ ಚರ್ಮ!" ಎಂದ ದೊರೆ, ಅವನು ದೋಣಿ ಹತ್ತುವ ಮೊದಲೇ ಸಂವಿಧಾನಕ್ಕೆ ಸಹಿ ಹಾಕಿಬಿಟ್ಟರು.

ಇಂಥದೇ ಅನುವಾದಕ್ಕೆ ನಿಮ್ಮನ್ನು ಸುಳ್ಳುಬುರುಕ ಎಂದು ಜರೆದು ಮೂರು ವರ್ಷ ಮಾತು ಬಿಟ್ಟಿದ್ದೆ. ಇವತ್ತು ಮನೆಗೆ ಓಡಿಬಂದವಳು ಬಾಗಿಲಲ್ಲೇ "ಅಪ್ಪಾ, ಕೇಳಿದ್ರಾ!" ಎಂದು ಕೂಗಿಬಿಟ್ಟೆ.

ಅನಾಸೇನಿ