ಒನಕೆ ಜಪ್ತಿ ಮಾಡಿದ ಸಾಹೇಬರಿಗೆ

ಆಹಾರ ಖಾತೆಯ ಸಾಹೇಬರೇ,

ಸಿಂಧನೂರು ತಾಲೂಕಿನ ವಳಕಮದಿನ್ನಿಯಲ್ಲಿರುವ ನನ್ನ ಬೀಗರ ಮನೆಯಿಂದ ನಿಮ್ಮ ಸಿಬ್ಬಂದಿ ಹೋದ ವಾರ ಎರಡು ಚೀಲ ಭತ್ತವನ್ನೂ ಒಂದು ಒನಕೆಯನ್ನೂ ಜಪ್ತಿ ಮಾಡಿಕೊಂಡು ಹೋಗಿದ್ದಾರೆ. ಪರವಾನಗಿ ಇಲ್ಲದೆ ಮನೆಯಲ್ಲಿ ಅಕ್ಕಿ ಮಾಡಿಕೊಂಡದ್ದು ಅಪರಾಧವಂತೆ. ಒರಳನ್ನೂ ಒಯ್ಯುವ ಮನಸ್ಸು ಅವರಿಗಿತ್ತು, ಅದು ಅಂಗಳದ ನೆಲದಲ್ಲಿ ಹೂತಿದ್ದರಿಂದ ಉಳಿದುಕೊಂಡಿತು. ಆ ಒನಕೆ ಮರಳಿ ಬರಬೇಕು. ಅದನ್ನು ಕಸಿದುಕೊಳ್ಳಲು ಕಾರಣವಾದ ನಿಮ್ಮ ಹುಕುಂ ರದ್ದಾಗಬೇಕು. ಇದನ್ನು ಹೇಳಲೆಂದೇ ನಿಮ್ಮ ಕಚೇರಿಗೆ ಬಂದಿದ್ದೆ. ಒಮ್ಮೆ ನೀವು ಕ್ಯಾಂಪಿನಲ್ಲಿದ್ದಿರಿ, ಇನ್ನೊಮ್ಮೆ ಊಟಕ್ಕೆ ಹೋಗಿದ್ದಿರಿ. ಊಟಕ್ಕೆ ಕುಳಿತವರನ್ನು ಎಬ್ಬಿಸುವುದು ನಮ್ಮ ಕಡೆ ಸಭ್ಯತೆಯಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಕೈ ತೊಳೆದ ಮೇಲಾದರೂ ಓದಿ.

ನಾನು ಮಸ್ಕಿಯಲ್ಲಿ ಬೇಳೆ, ಬೆಲ್ಲ, ಉಪ್ಪು ಮಾರುವ ಅಂಗಡಿಯವನು. ಯಂತ್ರ ಕಂಡರೆ ಮೈಲಿಗೆ ಎನ್ನುವ ಪೈಕಿ ಅಲ್ಲ. ಬಸ್ಸಿನಲ್ಲಿ ಓಡಾಡುತ್ತೇನೆ, ಮಗಳ ಮದುವೆಯಲ್ಲಿ ಹೊಲಿಗೆ ಯಂತ್ರ ಕೊಟ್ಟಿದ್ದೇನೆ, ಕಾಲುವೆಗೆ ನೀರು ಬಿಟ್ಟ ದಿನ ನಾನೂ ಹೋಗಿ ಕೈಮುಗಿದು ಬಂದಿದ್ದೇನೆ. ಹಳೆಯದೆಲ್ಲ ಒಳ್ಳೆಯದೆಂದು ವಾದಿಸುವ ಮುದುಕನ ಪತ್ರ ಇದು ಎಂದು ತಿಳಿದು ಬದಿಗಿಡಬೇಡಿ.

ನಿಮ್ಮ ಹುಕುಮನ್ನು ವಳಕಮದಿನ್ನಿಯ ಚಾವಡಿಯ ಗೋಡೆಯ ಮುಂದೆ ನಿಂತು ಓದಿದ್ದೇನೆ. ಮನೆಯಲ್ಲಿ ಕುಟ್ಟಿದ ಅಕ್ಕಿಯಲ್ಲಿ ಕಲ್ಲು, ಕಸ, ತೌಡು ಉಳಿದು ಪ್ರಜೆಗಳ ಆರೋಗ್ಯಕ್ಕೆ ಕುಂದು ಬರುವುದರಿಂದ, ಕಾಲುವೆ ಪ್ರದೇಶದ ಭತ್ತವನ್ನೆಲ್ಲ, ಮನೆ ಖರ್ಚಿನದ್ದನ್ನೂ ಸೇರಿಸಿ, ಪರವಾನಗಿ ಪಡೆದ ಗಿರಣಿಯಲ್ಲಿಯೇ ಅಕ್ಕಿ ಮಾಡಿಸತಕ್ಕದ್ದು ಎಂದಿದೆ. ಕಲ್ಲು, ಕಸ, ತೌಡು! ತೌಡನ್ನು ಕಲ್ಲಿನ ಪಕ್ಕದಲ್ಲಿ ಕೂರಿಸಿದ ಪುಣ್ಯಾತ್ಮರು ಯಾರು? ಎಂದಾದರೂ ಒಂದು ಎಮ್ಮೆ ಸಾಕಿದ್ದರೆ ಅವರಿಗೆ ತೌಡು ಎಂದರೇನೆಂದು ಗೊತ್ತಿರುತ್ತಿತ್ತು. ಸಿಂಧನೂರಿನ ಗಿರಣಿ ಭತ್ತದ ಹೊಟ್ಟು ಬಿಡಿಸಿ ಸುಮ್ಮನಾಗುವುದಿಲ್ಲ. ಒಳಗಿನ ಕೆಂಪು ಪದರವನ್ನು ಉಜ್ಜುತ್ತದೆ, ಸಾಲದೆಂದು ಮತ್ತೊಮ್ಮೆ ಉಜ್ಜುತ್ತದೆ, ಕಾಳು ಮಿರಿಮಿರಿ ಮಿಂಚುವ ತನಕ ಬಿಡುವುದಿಲ್ಲ. ಉಜ್ಜಿದ ತೌಡು ಗಿರಣಿಯವರದು. ಅದು ಲಾರಿ ಹತ್ತಿ ದೊಡ್ಡ ಪಟ್ಟಣಗಳ ಡೈರಿ ದನಗಳಿಗೆ ಹೋಗುತ್ತದಂತೆ. ಪ್ರಜೆಗಳ ಆರೋಗ್ಯಕ್ಕೆ ಕುಂದು ತರುವ ವಸ್ತುವನ್ನು ಖರೀದಿಸಲು ಅಷ್ಟು ದೂರದಿಂದ ಲಾರಿ ಯಾಕೆ ಬರುತ್ತದೆಂದು ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ?

ಇನ್ನು ನನ್ನ ಮಗಳ ವಿಷಯ. ಕಸ್ತೂರೆಮ್ಮನನ್ನು ವಳಕಮದಿನ್ನಿಯ ಆದೆಪ್ಪನವರ ಮಗನಿಗೆ ಕೊಟ್ಟಿದ್ದೇನೆ. ಅನುಕೂಲಸ್ಥರು, ಒಳ್ಳೆಯ ಜನ. ಕಾಲುವೆ ಬರುವ ಮುಂಚೆ ಅವರೂ ನಮ್ಮ ಹಾಗೆಯೇ ಜೋಳ, ತೊಗರಿ ಬೆಳೆದು ಉಂಡವರು. ನಮ್ಮ ಸೀಮೆಯಲ್ಲಿ ಅನ್ನವೆಂದರೆ ಮದುವೆಗೆ, ಹಬ್ಬಕ್ಕೆ, ಮನೆಗೆ ಅಯ್ಯನವರು ಬಂದಾಗ. ಈಗ ಹೊಲದ ತುಂಬ ನೀರು ನಿಂತಿದೆ, ಮನೆಯ ತುಂಬ ಅಕ್ಕಿ ಇದೆ. ದಿನಾ ಅನ್ನ ಉಣ್ಣುವ ಮನೆ ಎಂಬ ಹೆಮ್ಮೆ ಬೀಗರಿಗೆ ಬಂದಿದ್ದರೆ ಅದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ತಲೆಮಾರುಗಳಿಂದ ಹಬ್ಬಕ್ಕಾಗಿ ಕಾದ ನಾಲಿಗೆ ಅದು.

ಮೊದಲ ಹೆರಿಗೆ ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ ಎಂಬುದು ನಮ್ಮ ಪದ್ಧತಿ. ಎರಡನೆಯ ಮಗು ವಳಕಮದಿನ್ನಿಯಲ್ಲಿ ಹುಟ್ಟಿತು, ಗಂಡು. ಬೀಗಿತಿ ವೀರಭದ್ರಮ್ಮನವರು ಸೊಸೆಯನ್ನು ಮಗಳಿಗಿಂತ ಹೆಚ್ಚಾಗಿ ನೋಡಿಕೊಂಡರು. ಈ ಮಾತನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದೆ ನಡೆದದ್ದೆಲ್ಲ ಅವರ ಪ್ರೀತಿಯಿಂದಲೇ ನಡೆಯಿತು. ನನ್ನ ಹೆಂಡತಿ ಪಾರ್ವತೆಮ್ಮ ತೊಟ್ಟಿಲು ಶಾಸ್ತ್ರಕ್ಕೆ ಹೋದಾಗ ಎಂದಿನಂತೆ ಜೋಳದ ನುಚ್ಚು, ಹೆಸರುಬೇಳೆ ಕಟ್ಟಿಕೊಂಡು ಹೋಗಿದ್ದಳು. ವೀರಭದ್ರಮ್ಮನವರು ಅದನ್ನು ಬಿಚ್ಚಲೂ ಬಿಡಲಿಲ್ಲ.

"ಬ್ಯಾಡ್ರೀ ಬೀಗಿತಿ, ನಮ್ಮನ್ಯಾಗ ಬಾಣಂತಿಗಿ ನುಚ್ಚು ಹಾಕಿದ್ರ ಊರಾಗ ನಗತಾರ. ಬೇಳಿ ಕೊಟ್ರ ಕೂಸಿಗಿ ವಾಯು ಆಕ್ಕೈತಿ. ಬೆಳ್ಳನ್ನ ಅನ್ನ, ತುಪ್ಪ, ಮೆಣಸಿನ ಪುಡಿ. ರಾಣಿ ಉಂಡಂಗ ಉಣ್ಲಿ ನನ್ನ ಸೊಸಿ."

ರಾಣಿ ಉಂಡ ಹಾಗೆಯೇ ಉಂಡಳು. ಗಿರಣಿಯ ಅಕ್ಕಿ ಮೊದಲೇ ಬೆಳ್ಳಗೆ. ಅದನ್ನು ನೀರು ತಿಳಿಯಾಗುವವರೆಗೆ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಅನ್ನ ಬೆಂದ ಮೇಲೆ ಗಂಜಿ ಬಸಿದು ಆಕಳಿಗೆ ಇಡುತ್ತಿದ್ದರು. ಹೀಗೆ ಗಿರಣಿ ಬಿಟ್ಟದ್ದನ್ನು ತೊಳೆದ ನೀರು ಒಯ್ದಿತು, ನೀರು ಬಿಟ್ಟದ್ದನ್ನು ಆಕಳು ಕುಡಿಯಿತು, ನನ್ನ ಮಗಳ ತಾಟಿಗೆ ಬಂದದ್ದು ಬರೀ ಬಿಳುಪು. ಆ ಆಕಳು ಆ ತಿಂಗಳುಗಳಲ್ಲಿ ಬಹಳ ಚೆನ್ನಾಗಿ ಮೈದುಂಬಿಕೊಂಡಿತು.

ಮಗು ಮೂರು ತಿಂಗಳದಾಗಿದ್ದಾಗ ನಾವಿಬ್ಬರೂ ನೋಡಲು ಹೋದೆವು. ಮನೆಗೆ ಬಂದವರೆಲ್ಲ ಹೊಗಳುತ್ತಿದ್ದರು. ಎಂಥ ದುಂಡನೆಯ ಕೂಸು, ಕಾಲು ನೋಡು, ಕೈ ನೋಡು. ಎಷ್ಟು ಶಾಂತ, ಅಳುವುದೇ ಇಲ್ಲ. "ಹಿಂಥ ಕೂಸು ಪಡಕೊಂಡು ಬಂದಿರಬೇಕು, ರಾತ್ರಿಯೆಲ್ಲ ಸದ್ದಿಲ್ಲ" ಎಂದು ಪಕ್ಕದ ಮನೆಯಾಕೆ ನನ್ನೆದುರೇ ಹೇಳಿದಳು. ನನಗೂ ಸಂತೋಷವಾಯಿತು. ಪಾರ್ವತೆಮ್ಮ ಮಾತ್ರ ತೊಟ್ಟಿಲ ಮುಂದಿನಿಂದ ಏಳಲಿಲ್ಲ. ಬಹಳ ಹೊತ್ತು ನೋಡಿ ನನ್ನನ್ನು ಕರೆದಳು.

"ಇಲ್ಲಿ ಬರ್ರಿ. ಕೂಸು ಅಳಾಕತ್ತೈತಿ."

"ಎಲ್ಲಿ ಅಳ್ತೈತಿ? ಸುಮ್ನ ಮಕ್ಕೊಂಡೈತಲ್ಲ."

"ಬಾಯಿ ನೋಡ್ರಿ. ಅಳಾಕತ್ತೈತಿ. ಸದ್ದು ಬರವಲ್ದು."

ಸಾಹೇಬರೇ, ನಾನು ಬಗ್ಗಿ ನೋಡಿದೆ. ಬಾಯಿ ಅಗಲವಾಗಿ ತೆರೆದಿತ್ತು, ಹುಬ್ಬು ಗಂಟಿಕ್ಕಿತ್ತು, ಮೈಯೆಲ್ಲ ಸೆಟೆದು ಮಗು ಗಂಟಲು ಹರಿಯುವಂತೆ ಅಳುತ್ತಿತ್ತು. ಒಂದು ಚೂರೂ ದನಿ ಇರಲಿಲ್ಲ. ದುಂಡನೆಯ ಕಾಲನ್ನು ಪಾರ್ವತೆಮ್ಮ ಬೆರಳಿನಿಂದ ಒತ್ತಿದಳು. ಒತ್ತಿದ ಗುಳಿ ಹಾಗೆಯೇ ನಿಂತಿತು. ಅದು ಮೈದುಂಬಿದ್ದಲ್ಲ, ಬಾವು. ಎಷ್ಟು ದಿನದಿಂದ ಆ ಜೀವ ಹೀಗೆ ಅಳುತ್ತಿತ್ತೋ ಯಾರಿಗೆ ಗೊತ್ತು? ಮನೆಯ ತುಂಬ ಜನ ಸುತ್ತ ನಿಂತು ಶಾಂತ ಕೂಸೆಂದು ಹೊಗಳುತ್ತಿದ್ದೆವು.

ಸಿಕ್ಕ ಬಸ್ಸು ಹಿಡಿದು ಲಿಂಗಸುಗೂರಿನ ದವಾಖಾನೆಗೆ ಒಯ್ದೆವು. ಡಾಕ್ಟರು ಮಗುವಿನ ಎದೆ ನೋಡಿದರು, ಕಾಲು ನೋಡಿದರು, ಆಮೇಲೆ ಮಗುವನ್ನು ಬಿಟ್ಟು ತಾಯಿಯ ಕಡೆ ತಿರುಗಿ ಏನು ಊಟ ಮಾಡುತ್ತೀ ಎಂದು ಕೇಳಿದರು. ವೀರಭದ್ರಮ್ಮನವರೇ ಮುಂದೆ ಬಂದು ಉತ್ತರ ಕೊಟ್ಟರು.

"ಬರೇ ಬಿಳಿ ಅನ್ನ, ತುಪ್ಪ ರೀ ಸಾಹೇಬ್ರ. ಬ್ಯಾರೆ ಏನೂ ಮುಟ್ಟಿಸಿಲ್ರಿ."

ಡಾಕ್ಟರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಇದು ಬೆರಿಬೆರಿ ಅಮ್ಮಾ. ಅಕ್ಕಿ ಮ್ಯಾಲಿನ ತೌಡಿನ್ಯಾಗ ಒಂದು ಸತ್ವ ಇರತದ. ಗಿರಣ್ಯಾಗ ಅದು ಹೋಗತದ. ತಾಯಿಗಿ ಇಲ್ಲಂದ್ರ ಹಾಲಿಗಿಲ್ಲ, ಹಾಲಿಗಿಲ್ಲಂದ್ರ ಕೂಸಿಗಿಲ್ಲ. ನಾಕು ದಿನ ತಡ ಮಾಡಿದ್ರ ಎದಿ ನಿಂತು ಹೋಗ್ತಿತ್ತು" ಎಂದರು. ಮಗುವಿಗೆ ಸೂಜಿ ಚುಚ್ಚಿದರು, ತಾಯಿಗೂ ಚುಚ್ಚಿದರು. ಮರುದಿನ ಬೆಳಿಗ್ಗೆ ನಾನು ಹೊರಗೆ ಚಹಾ ಕುಡಿಯುತ್ತಿದ್ದಾಗ ಒಳಗಿನಿಂದ ಮೊದಲು ಒಡಕು ದನಿಯೊಂದು ಬಂತು, ಆಮೇಲೆ ಇಡೀ ದವಾಖಾನೆ ಎದ್ದು ಕೂರುವ ಹಾಗೆ ಮಗು ಕಿರುಚಿತು. ಲೋಟ ಅಲ್ಲೇ ಇಟ್ಟು ಓಡಿದೆ. ವೀರಭದ್ರಮ್ಮನವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಪಕ್ಕದ ಮಂಚದ ರೋಗಿ ಒಬ್ಬ ಗಲಾಟೆ ಎಂದು ಗೊಣಗಿದ, ಅವನಿಗೆ ಪಾರ್ವತೆಮ್ಮ ಸರಿಯಾಗಿ ಝಾಡಿಸಿದಳು.

ಬಾಣಂತಿಗೆ ಮನೆಯಲ್ಲಿ ಕುಟ್ಟಿದ ಅಕ್ಕಿ ಕೊಡಿ, ಜೋಳ ಕೊಡಿ, ಬೇಳೆ ಕೊಡಿ, ಗಂಜಿ ಚೆಲ್ಲಬೇಡಿ ಎಂಬುದು ಡಾಕ್ಟರ ಆದೇಶ. ಆದೆಪ್ಪನವರು ಊರಿಗೆ ಹೋದವರೇ ಅಟ್ಟದಿಂದ ಒನಕೆ ಇಳಿಸಿದರು. ಮೊದಲು ಅವರ ಮನೆಯಲ್ಲಿ ಅಕ್ಕಿ ಕುಟ್ಟುತ್ತಿದ್ದವಳು ಯಂಕಮ್ಮ ಎಂಬ ಕೂಲಿಯ ಹೆಂಗಸು. ನಿಮ್ಮ ಹುಕುಂ ಬಂದ ಮೇಲೆ ಅವಳ ಆ ಕೆಲಸ ತಪ್ಪಿತ್ತು. ಅವಳನ್ನೇ ಕರೆಸಿದರು. ಕುಟ್ಟುವ ಸದ್ದು ರಸ್ತೆಗೆ ಕೇಳಿಸಿತು. ರಸ್ತೆಯಲ್ಲಿ ನಿಮ್ಮ ಇನ್ಸ್‌ಪೆಕ್ಟರರ ಜೀಪು ಹೋಗುತ್ತಿತ್ತು. ಕಳ್ಳನನ್ನು ಹಿಡಿಯುವುದಕ್ಕೆ ನಮ್ಮ ಕಡೆ ಇಷ್ಟು ಬೇಗ ಯಾರೂ ಬಂದದ್ದಿಲ್ಲ.

ಇನ್ಸ್‌ಪೆಕ್ಟರರು ಮೊರದಲ್ಲಿದ್ದ ಅಕ್ಕಿಯನ್ನು ಬೊಗಸೆಯಲ್ಲಿ ಎತ್ತಿ ನೋಡಿ ಹೇಳಿದ್ದನ್ನು ಆದೆಪ್ಪನವರು ಕಣ್ಣಿಗೆ ಕಟ್ಟುವಂತೆ ನನಗೆ ಹೇಳಿದ್ದಾರೆ.

"ಏನ್ರೀ ಇದು, ಇಷ್ಟು ಕೆಂಪ್ ಐತಿ? ಬಾಣಂತಿ ಇರೋ ಮನ್ಯಾಗ ಹಿಂಥಾ ಖರಾಬ್ ಮಾಲು ತಿನ್ನಸಾಕತ್ತೀರಿ? ಅಕಲ್ ಐತೇನ್ ನಿಮಗ?"

"ಡಾಕ್ಟರ್ ಹೇಳ್ಯಾರ್ರೀ."

"ಡಾಕ್ಟರ್ ಸೂಜಿ ಚುಚ್ಚಲಿ. ಅಕ್ಕಿ ಬಾಬತ್ತು ನಮ್ಮ ಖಾತೆದು."

ಹೌದು, ನಿಮ್ಮ ಖಾತೆಯದೇ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಪಂಚನಾಮೆಯಲ್ಲಿ ಒನಕೆಯನ್ನು "ಅಕ್ಕಿ ತಯಾರಿಕೆಯ ಅನಧಿಕೃತ ಸಾಮಗ್ರಿ" ಎಂದು ಕರೆದಿದ್ದಾರೆ. ವೀರಭದ್ರಮ್ಮನವರ ಅತ್ತೆಯ ಕಾಲದ ಒನಕೆ ಅದು. ನಿಜಾಮರ ಆಡಳಿತದಲ್ಲಿ ಏನೇನೋ ಜಪ್ತಿಯಾದದ್ದನ್ನು ಕಂಡಿದ್ದೇವೆ, ಒನಕೆ ಜಪ್ತಿಯಾಗಲು ಸ್ವರಾಜ್ಯವೇ ಬರಬೇಕಾಯಿತು. ಬರುವ ನವೆಂಬರಿನಲ್ಲಿ ನಮ್ಮ ಜಿಲ್ಲೆ ಮೈಸೂರಿಗೆ ಸೇರುತ್ತದೆಂದು ಎಲ್ಲರೂ ಹೇಳುತ್ತಿದ್ದಾರೆ. ಕಡತಗಳು ಹೊಸ ರಾಜಧಾನಿಗೆ ಹೋಗುವ ಗಡಿಬಿಡಿಯಲ್ಲಿ ಆ ಒನಕೆಯೂ ಗಾಡಿ ಹತ್ತಿದರೆ ನಾನು ಯಾರನ್ನು ಕೇಳಲಿ?

ಅಕ್ಕಿ ಬೇಡವಾದರೆ ಜೋಳ ತಿನ್ನಲಿ ಎಂದು ನೀವು ಹೇಳಬಹುದು. ತಿನ್ನುತ್ತಿದ್ದಾಳೆ. ಸಂತೆಕಲ್ಲೂರಿನಿಂದ ಜೋಳ ತರಿಸಿ, ಪರಿಚಯದ ಡ್ರೈವರ್ ದಸ್ತಗೀರ್‌ಸಾಬ್ ಕೈಯಲ್ಲಿ ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದೇನೆ, ಬೇಳೆಯನ್ನೂ ಕಳಿಸುತ್ತಿದ್ದೇನೆ. ನನ್ನ ಮೊಮ್ಮಗ ಈಗ ಬೀದಿಗೆಲ್ಲ ಕೇಳುವಂತೆ ಅಳುತ್ತಾನೆ. ಅವನೊಬ್ಬನ ಮಾತಾಗಿದ್ದರೆ ಒನಕೆಯನ್ನು ನಿಮ್ಮ ಖಜಾನೆಗೇ ಬಿಟ್ಟು ಸುಮ್ಮನಾಗುತ್ತಿದ್ದೆ. ಆದರೆ ನಿನ್ನೆ ಬೆಳಿಗ್ಗೆ ನಾನು ವಳಕಮದಿನ್ನಿಗೆ ಹೋದಾಗ, ಬೀಗರ ಬಾಗಿಲ ಹೊರಗೆ ನಿಂತಿದ್ದ ಯಂಕಮ್ಮ ನನ್ನನ್ನು ಒಂದು ಮಾತು ಕೇಳಿದಳು.

"ಯಪ್ಪಾ, ನಿಮ್ಮ ಕೂಸು ಮೊದ್ಲಿಗಿ ಹ್ಯಾಂಗ್ ಆತ್ರಿ? ಒಮ್ಮಿಗೇ ಅಳೂದು ಬಿಡ್ತೇನು, ಇಲ್ಲಾ ದನಿ ಗೊಗ್ಗರಾಗಿ ಆಮ್ಯಾಲ ಬಿಡ್ತೇನು?"

ಯಾಕೆ ಕೇಳುತ್ತೀ ಎಂದು ವಿಚಾರಿಸಿದೆ. ಅವಳ ಸೊಸೆಯೂ ಬಾಣಂತಿ. ಮೊದಲು ಅಕ್ಕಿ ಕುಟ್ಟಿದ ಕೂಲಿಗೆ ಯಂಕಮ್ಮ ತೌಡು, ನುಚ್ಚು ಒಯ್ಯುತ್ತಿದ್ದಳು. ಅದರ ರೊಟ್ಟಿಯನ್ನೇ ಮನೆಯವರೆಲ್ಲ ತಿನ್ನುತ್ತಿದ್ದರು. ಈಗ ನಾಟಿಯ ಕೂಲಿಗೆ ಗಿರಣಿಯ ಅಕ್ಕಿ ಅಳೆದು ಕೊಡುತ್ತಾರೆ. ಊರಲ್ಲಿ ಬೇರೆ ಕಾಳು ಯಾರ ಹತ್ತಿರವೂ ಇಲ್ಲ. ಅವಳಿಗೆ ಅದರಿಂದ ಬೇಸರವೂ ಆಗಿರಲಿಲ್ಲ. "ಒಡೇರ ಮನಿ ಅನ್ನ ನಮ್ಮ ತಾಟಿಗೂ ಬಂತಲ್ರೀ ಅಂತ ಖುಷಿಪಟ್ಟಿದ್ವಿ. ಸೊಸಿಗಿ ಅದನ್ನ ಹೊಟ್ಟಿತುಂಬ ಉಣ್ಣಸಾಕತ್ತಿದ್ದೆ" ಎಂದಳು. ಇಬ್ಬರು ಅತ್ತೆಯಂದಿರು, ಒಬ್ಬರ ಮನೆಯೊಳಗೆ ಇನ್ನೊಬ್ಬಳಿಗೆ ಪ್ರವೇಶವಿಲ್ಲ, ಆದರೆ ತಮ್ಮ ತಮ್ಮ ಸೊಸೆಯರಿಗೆ ಅವರು ಪ್ರೀತಿಯಿಂದ ಬಡಿಸಿದ್ದು ಒಂದೇ ಅನ್ನ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹುಕುಂ ಹಿಂತೆಗೆದುಕೊಳ್ಳಿ. ತನ್ನ ಭತ್ತವನ್ನು ತನ್ನ ಒರಳಿನಲ್ಲಿ ಕುಟ್ಟಿಕೊಳ್ಳುವವರನ್ನು ಅವರ ಪಾಡಿಗೆ ಬಿಡಿ, ಕುಟ್ಟುವ ಹೆಂಗಸರ ಕೂಲಿ ಅವರಿಗೆ ಮರಳಲಿ. ಗಿರಣಿ ಇರಲಿ, ಬೇಡವೆನ್ನುವುದಿಲ್ಲ. ಹೊಟ್ಟು ತೆಗೆದ ಮೇಲೆ ನಿಲ್ಲಿಸಲು ಅದಕ್ಕೆ ಹೇಳಿ. ಹಾಗೆ ಹೇಳುವ ಅಧಿಕಾರ ನಿಮಗಿದೆ, ಒನಕೆ ಹಿಡಿಯುವಷ್ಟು ಅಧಿಕಾರವಿದ್ದವರಿಗೆ ಯಂತ್ರದ ಒಂದು ತಿರುಪು ತಿರುಗಿಸುವಷ್ಟು ಇಲ್ಲವೇ? ಕಾಲುವೆಯ ಹಳ್ಳಿಗಳಲ್ಲಿ, ಸಾಲಗುಂದದಲ್ಲಿ, ಎಲ್ಲ ಕಡೆ, ಡಂಗುರ ಸಾರಿಸಿ. ಬಾಣಂತಿಗೆ ಬರೀ ಬಿಳಿ ಅನ್ನ ಹಾಕಬೇಡಿ, ಸದ್ದಿಲ್ಲದೆ ಬಾಯಿ ತೆರೆಯುವ ಕೂಸು ಕಂಡರೆ ಲಿಂಗಸುಗೂರಿಗೆ ಓಡಿ ಎಂದು. ಅದಕ್ಕೆ ಯಾರ ಮಂಜೂರಾತಿಯೂ ಬೇಕಾಗಿಲ್ಲ.

ಈ ಪತ್ರವನ್ನು ಅಂಗಡಿಯಲ್ಲಿ ಕುಳಿತು ಬರೆಯುತ್ತಿಲ್ಲ. ಲಿಂಗಸುಗೂರಿನ ದವಾಖಾನೆಯ ಜಗಲಿಯಲ್ಲಿ ಕುಳಿತಿದ್ದೇನೆ. ಯಂಕಮ್ಮನ ಮೊಮ್ಮಗಳಿಗೆ ನಿನ್ನೆ ಸಂಜೆ ಸೂಜಿ ಚುಚ್ಚಿದ್ದಾರೆ. ತಡವಾಗಿ ತಂದಿದ್ದೀರಿ, ನೋಡೋಣ ಎಂದಿದ್ದಾರೆ ಡಾಕ್ಟರು. ಈಗ ಮಧ್ಯಾಹ್ನ. ನಾಲ್ಕು ಸಾಲು ಬರೆಯುತ್ತೇನೆ, ಎದ್ದು ಬಾಗಿಲ ತನಕ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಯಂಕಮ್ಮ ಮಗುವಿನ ಬಾಯಿಯ ಹತ್ತಿರ ಕಿವಿಯಿಟ್ಟು ಕುಳಿತಿದ್ದಾಳೆ. ಒಳಗಿನಿಂದ ಇನ್ನೂ ಸದ್ದು ಬಂದಿಲ್ಲ.

ಇಂತಿ,
ಒಂದು ಕೂಸು ಅಳಲೆಂದು ಕಾಯುತ್ತ ಕುಳಿತಿರುವ
ಮಸ್ಕಿಯ ಕಿರಾಣಿ ಅಂಗಡಿ ಜಂಬಣ್ಣ